ಮುರಿದ ಹಿಡಿಕೆಯನ್ನು ವಾಪಸ್ ಕಳಿಸಬೇಡಿ

ಓದುಗರ ಪತ್ರ: ನಾನು ತಂಗಿಗೆ ಉಡುಗೊರೆ ಕೊಟ್ಟಿದ್ದ ಕರೆಂಟ್ ಕೆಟಲ್‌ನ ಹಿಡಿಕೆ, ಒಳಗೆ ಕುದಿಯುವ ನೀರು ಇದ್ದಾಗಲೇ ಕಿತ್ತು ಬಂತು. ಅವಳ ಎಡಗಾಲು ಮಂಡಿಯಿಂದ ಪಾದದವರೆಗೆ ಸುಟ್ಟಿತು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಕಂಪನಿಗೆ ಫೋನ್ ಮಾಡಿದರೆ, 'ಜಾಸ್ತಿ ನೀರು ತುಂಬಿರಬೇಕು. ಇರಲಿ, ಕೆಟಲ್ ಕಳಿಸಿ, ಹೊಸದು ಕೊಡುತ್ತೇವೆ' ಅಂದರು. ಬಿಲ್ ನನ್ನ ಹತ್ತಿರ ಇಲ್ಲ. ಕೊಂಡದ್ದು ನಾನು, ಸುಟ್ಟುಕೊಂಡದ್ದು ಅವಳು. ನಮಗೆ ಏನಾದರೂ ದಾರಿ ಇದೆಯಾ? (ಹೆಸರು ಬೇಡ)

ಸಂಪಾದಕರ ಉತ್ತರ:

ಮೊದಲು ಅರ್ಜೆಂಟ್ ಮಾತು. ಕೆಟಲ್ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ, ಅದನ್ನು ಬಿಚ್ಚದೆ ಹಾಗೇ ಇಟ್ಟಿರಿ ಎಂದು ಇವತ್ತೇ ಇಮೇಲ್ ಮಾಡಿ, ವಾಪಸ್ ಕೇಳಿ. ಉಳಿದದ್ದನ್ನು ನಿಧಾನವಾಗಿ ಓದಬಹುದು.

ಯಾಕೆ ಅಂದರೆ, ನಿಮ್ಮ ಕಡೆಯ ದೊಡ್ಡ ಸಾಕ್ಷಿ ಆ ಕೆಟಲ್ಲೇ. ನೀವು ಕಳಿಸಿದ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಹಿಡಿಕೆಯ ಕೆಳಗಿನ ಸ್ಕ್ರೂ ಇನ್ನೂ ಕೆಟಲ್‌ನ ಮೈಗೇ ಕಚ್ಚಿಕೊಂಡಿದೆ. ಪ್ಲಾಸ್ಟಿಕ್ ಮಾತ್ರ ಅದರ ಸುತ್ತ ಹರಿದು ಬಂದಿದೆ. ಸ್ಕ್ರೂ ತೂತಿನ ಸುತ್ತ, ಉಗುರಿನಷ್ಟು ಅಗಲಕ್ಕೆ, ಕಪ್ಪು ಪ್ಲಾಸ್ಟಿಕ್ ಬೆಳ್ಳಗಾಗಿದೆ. ಅದು ಒಂದೇ ಏಟಿಗೆ ಮುರಿದದ್ದೋ, ದಿನಾ ಸ್ವಲ್ಪ ಸ್ವಲ್ಪವೇ ಬಿರಿಯುತ್ತಾ ಬಂದದ್ದೋ, ಹೇಳುವಷ್ಟು ಜಾಣ ನಾನಲ್ಲ. ಆದರೆ ಪ್ಲಾಸ್ಟಿಕ್ ಮುರಿತ ಪರೀಕ್ಷೆ ಮಾಡುವ ಎಂಜಿನಿಯರ್‌ಗಳು ಇಂಥ ಗುರುತುಗಳನ್ನೇ ಹುಡುಕುತ್ತಾರೆ. ಆ ತುಂಡು ಕಂಪನಿಯ ಕೈಗೆ ಹೋದ ಮೇಲೆ ನಿಮ್ಮ ಹತ್ತಿರ ಉಳಿಯುವುದು ಬರೀ ಫೋಟೊ. ಅದನ್ನು ತೊಳೆಯಬೇಡಿ, ಗಮ್ ಹಾಕಿ ಕೂಡಿಸಿ ನೋಡಬೇಡಿ, 'ಕೆಲಸ ಮಾಡುತ್ತಾ' ಎಂದು ಪ್ಲಗ್ ಹಾಕಬೇಡಿ. ಒಂದು ಡಬ್ಬದಲ್ಲಿಟ್ಟು ಮುಚ್ಚಿ, ಮೇಲೆ ತಾರೀಕು ಬರೆಯಿರಿ.

ಕಂಪನಿಗೂ ಪರೀಕ್ಷೆ ಮಾಡುವ ಹಕ್ಕಿದೆ, ಇಲ್ಲ ಅನ್ನಲಾಗದು. 'ಕೆಟಲ್ ನಮ್ಮ ಬಳಿಯೇ ಇದೆ, ನಮ್ಮ ಕಡೆಯವರ ಎದುರಿಗೆ ನೋಡಬಹುದು' ಎಂದು ಬರೆದು ತಿಳಿಸಿ. ಬಂದು ನೋಡಲು ಅವಕಾಶವನ್ನೇ ಕೊಡದಿದ್ದರೆ ನಾಳೆ ಅದನ್ನೇ ನಿಮ್ಮ ವಿರುದ್ಧ ಎತ್ತಿ ಆಡುತ್ತಾರೆ.

ಈ ವಿಷಯದಲ್ಲಿ ನನಗೊಂದು ಹಳೇ ಹೊಟ್ಟೆಯುರಿ ಇದೆ. ಆಫೀಸಿನ ಕುರ್ಚಿಯೊಂದು ಕೂತಿದ್ದ ಹಾಗೇ ಬುಡ ಮುರಿದು ನನ್ನನ್ನು ಬೀಳಿಸಿತ್ತು. ಮಣಿಕಟ್ಟಿಗೆ ಆರು ವಾರ ಪಟ್ಟಿ. ಆಸ್ಪತ್ರೆಯಿಂದ ಬರುವಷ್ಟರಲ್ಲಿ ಯಾರೋ ಪುಣ್ಯಾತ್ಮರು 'ಅಪಶಕುನ' ಅಂತ ಕುರ್ಚಿಯನ್ನು ಗುಜರಿಗೆ ಹಾಕಿಬಿಟ್ಟಿದ್ದರು. ಆಮೇಲೆ ಯಾರ ಮೇಲೆ, ಏನು ತೋರಿಸಿ ಜಗಳ ಮಾಡೋದು?

ಈಗ ನಿಮ್ಮ ಪ್ರಶ್ನೆ: ಕೊಂಡವರು ಒಬ್ಬರು, ಗಾಯವಾದದ್ದು ಇನ್ನೊಬ್ಬರಿಗೆ. ಇದು ಹೊಸ ಪ್ರಶ್ನೆ ಅಲ್ಲ. ದೋಷದ ಮಾಲಿನ ಬಗೆಗಿನ ಕಾನೂನು ಬಹುಪಾಲು ಬೆಳೆದದ್ದೇ ಇದರಿಂದ. 1928ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಪೇಸ್ಲಿ ಊರಿನ ಕೆಫೆಯಲ್ಲಿ ಮೇ ಡೊನಾಹ್ಯು ಎಂಬ ಹೆಂಗಸು ಜಿಂಜರ್ ಬಿಯರ್ ಕುಡಿದರು. ಬಾಟಲಿಯ ಗಾಜು ಕಪ್ಪು, ಒಳಗೇನಿದೆ ಕಾಣುತ್ತಿರಲಿಲ್ಲ. ಉಳಿದದ್ದನ್ನು ಲೋಟಕ್ಕೆ ಬಗ್ಗಿಸಿದಾಗ ಕೊಳೆತ ಬಸವನಹುಳು ಬಿತ್ತು ಎಂಬುದು ಅವರ ದೂರು. ದುಡ್ಡು ಕೊಟ್ಟಿದ್ದು ಜೊತೆಗಿದ್ದ ಗೆಳತಿ. ಹಾಗಾಗಿ ಮಾರಿದವನಿಗೂ ಇವರಿಗೂ ಯಾವ ಕರಾರೂ ಇರಲಿಲ್ಲ. ಆಗಿನ ಲೆಕ್ಕದಲ್ಲಿ ಕರಾರಿಲ್ಲ ಅಂದರೆ ಹೆಚ್ಚುಕಡಿಮೆ ಕೇಸೂ ಇಲ್ಲ. ಆದರೂ ಅವರು ಬಿಯರ್ ತಯಾರಿಸಿದವನ ಮೇಲೆ ಕೇಸು ಹಾಕಿದರು. ಕೈಯಲ್ಲಿ ಕಾಸಿಲ್ಲದ ಅವರು ಬಡವರಿಗಿದ್ದ ರಿಯಾಯಿತಿಯಲ್ಲಿ, ಆಗ ಬ್ರಿಟನ್ನಿನ ಅತಿ ದೊಡ್ಡ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ತನಕ ಹೋದರು. 1932ರಲ್ಲಿ ಮೂವರು ನ್ಯಾಯಾಧೀಶರು ಅವರ ಪರ, ಇಬ್ಬರು ವಿರುದ್ಧ. ತನ್ನ ಮಾಲನ್ನು ಕೊನೆಗೆ ಬಳಸುವವರ ಬಗ್ಗೆ ತಯಾರಕ ಎಚ್ಚರ ವಹಿಸಲೇಬೇಕು ಎಂದು ತೀರ್ಪಾಯಿತು. ತಮಾಷೆ ಅಂದರೆ, ಆ ಬಾಟಲಿಯಲ್ಲಿ ಹುಳು ನಿಜವಾಗಿ ಇತ್ತೇ ಅನ್ನೋದು ಕೋರ್ಟಿನಲ್ಲಿ ಸಾಬೀತಾಗಲೇ ಇಲ್ಲ. ಅದಕ್ಕೆ ಮುಂಚೆಯೇ ರಾಜಿಯಾಯಿತು.

ಉಡುಗೊರೆಯ ಕೇಸೇ ಬೇಕಾ? ಅದೂ ಇದೆ. ಅಮೆರಿಕದಲ್ಲಿ ಒಬ್ಬ ಹೆಂಡತಿ 1955ರ ಕ್ರಿಸ್‌ಮಸ್‌ಗೆ ಗಂಡನಿಗೆ ಮರಗೆಲಸದ ಯಂತ್ರ ಕೊಡಿಸಿದಳು. ಎರಡು ವರ್ಷದ ನಂತರ ಕೆಲಸ ಮಾಡುತ್ತಿದ್ದಾಗ ಮರದ ತುಂಡು ಹಾರಿ ಅವನ ಹಣೆಗೆ ಹೊಡೆಯಿತು. ಯಂತ್ರದ ಭಾಗಗಳನ್ನು ಹಿಡಿದಿಡಬೇಕಿದ್ದ ಸ್ಕ್ರೂಗಳು ಸಾಲದಾಗಿದ್ದವು ಎಂದು ತಜ್ಞರು ಸಾಕ್ಷಿ ಹೇಳಿದರು. 1963ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಂಪನಿ ಅಜಾಗರೂಕವಾಗಿತ್ತು ಎಂದು ತೋರಿಸುವುದೇ ಬೇಡ, ಮಾಲಿನಲ್ಲಿ ದೋಷವಿತ್ತು, ಅದರಿಂದ ಗಾಯವಾಯಿತು ಎಂದು ತೋರಿಸಿದರೆ ಸಾಕು ಎಂದಿತು. ಇದು ಬಹಳ ದೊಡ್ಡ ವ್ಯತ್ಯಾಸ. ಕಾರ್ಖಾನೆಯೊಳಗೆ ಯಾರು ಯಾವ ದಿನ ಮೈಮರೆತರು ಎಂದು ಹೊರಗಿನವರು ಹೇಗೆ ತೋರಿಸೋದು, ಅಲ್ವಾ? ಯುರೋಪಿನಲ್ಲೂ 1985ರಲ್ಲಿ ಇಂಥದೇ ನಿಯಮಕ್ಕೆ ಒಪ್ಪಿಗೆ ಸಿಕ್ಕಿತು. ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಉತ್ಪನ್ನ ಹೊಣೆಗಾರಿಕೆಗೆ ಒಂದು ಅಧ್ಯಾಯವೇ ಇದೆ. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಅಲ್ಲಿ ಗ್ರಾಹಕರೇ.

ದೋಷ ಅಂದರೆ ಮೂರು ಬಗೆ. ಆ ಒಂದು ಕೆಟಲ್‌ನ ಹಿಡಿಕೆ ಮಾತ್ರ ಸರಿಯಾಗಿ ಕೂತಿರಲಿಲ್ಲ ಅಂದರೆ ತಯಾರಿಕೆಯ ದೋಷ. ಆ ಮಾಡೆಲ್‌ನ ಎಲ್ಲ ಹಿಡಿಕೆಗಳೂ ತುಂಬಿದ ಕೆಟಲ್‌ನ ಭಾರ ತಡೆಯುವಂತಿಲ್ಲ ಅಂದರೆ ವಿನ್ಯಾಸದ ದೋಷ. ಅಪಾಯ ಇದ್ದೂ ಹೇಳಲಿಲ್ಲ, ಅಥವಾ ಯಾರಿಗೂ ಕಾಣದ ಅಕ್ಷರದಲ್ಲಿ ಹೇಳಿದರು ಅಂದರೆ ಎಚ್ಚರಿಕೆಯ ದೋಷ. ನಿಮ್ಮದು ಯಾವುದು ಎಂದು ಈಗಲೇ ಆರಿಸಬೇಕಿಲ್ಲ. ಆದರೆ ಅದೇ ಮಾಡೆಲ್ ಬೇರೆಯವರ ಮನೆಯಲ್ಲೂ ಹೀಗೇ ಮುರಿದಿದೆಯಾ, ಕಂಪನಿ ಅದನ್ನು ಎಲ್ಲಾದರೂ ವಾಪಸ್ ತರಿಸಿಕೊಂಡಿದೆಯಾ ಎಂದು ಹುಡುಕಿ. ಸಿಕ್ಕಿದರೆ ಕೇಸಿನ ತೂಕವೇ ಬದಲಾಗುತ್ತದೆ.

'ಜಾಸ್ತಿ ನೀರು ತುಂಬಿರಬೇಕು' ಅನ್ನೋ ಮಾತಿಗೆ ಹೆದರಬೇಡಿ. ತಂಗಿ ಗರಿಷ್ಠ ಗೆರೆ ದಾಟಿ ತುಂಬಿದ್ದರು ಎಂದೇ ಇಟ್ಟುಕೊಳ್ಳಿ. ಎಲ್ಲರೂ ಮಾಡುವ, ಮುಂಚೆಯೇ ಊಹಿಸಬಹುದಾದ ತಪ್ಪನ್ನು ತಡೆದುಕೊಳ್ಳುವ ಹಾಗೆ ವಸ್ತು ಮಾಡಬೇಕು ಎಂದು ಬಹಳ ಕಡೆ ಕೋರ್ಟುಗಳು ಹೇಳುತ್ತವೆ. ಬಳಸಿದವರ ತಪ್ಪು ಸ್ವಲ್ಪ ಇದ್ದರೂ ಎಷ್ಟೋ ಕಡೆ ಪರಿಹಾರ ಕಮ್ಮಿಯಾಗುತ್ತದೆ ಅಷ್ಟೇ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ 1992ರಲ್ಲಿ ಬಿಸಿ ಕಾಫಿ ಚೆಲ್ಲಿ ಸುಟ್ಟುಕೊಂಡ 79 ವರ್ಷದ ಅಜ್ಜಿಯ ಕೇಸಿನಲ್ಲಿ, ತಪ್ಪು ಅಜ್ಜಿಯದು ಶೇ. 20, ಅಂಗಡಿಯದು ಶೇ. 80 ಎಂದು ಜ್ಯೂರಿ ಹೇಳಿತು. ಗಾಯಕ್ಕೆಂದು ಲೆಕ್ಕ ಹಾಕಿದ ಎರಡು ಲಕ್ಷ ಡಾಲರ್ ಒಂದು ಲಕ್ಷ ಅರವತ್ತು ಸಾವಿರಕ್ಕೆ ಇಳಿಯಿತು. ಜನ ಈ ಕೇಸನ್ನು ಜೋಕ್ ಮಾಡಿಕೊಂಡು ನಗುತ್ತಾರೆ. ಅಜ್ಜಿಗೆ ಚರ್ಮ ಕಸಿ ಮಾಡಬೇಕಾಗಿ ಬಂದಿತ್ತು ಅನ್ನೋದು ಜೋಕಿನಲ್ಲಿ ಇರೋದಿಲ್ಲ.

ಇನ್ನು ಎಲ್ಲಿಗೆ ಹೋಗೋದು? ಕಂಪನಿಯ ಜೊತೆ ನೇರ ರಾಜಿ ಒಂದು ದಾರಿ. ಬೇಗ ಮುಗಿಯುತ್ತದೆ. ಆದರೆ 'ಇನ್ನು ಮುಂದೆ ಏನೂ ಕೇಳುವುದಿಲ್ಲ' ಎಂಬ ಕಾಗದಕ್ಕೆ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ. ಸುಟ್ಟ ಗಾಯಕ್ಕೆ ವರ್ಷದ ನಂತರವೂ ಆಪರೇಷನ್ ಬೇಕಾಗಬಹುದು. ಹೊಸ ಕೆಟಲ್ ಕೊಡೋದು ವಾರಂಟಿಯ ಲೆಕ್ಕ. ಆಸ್ಪತ್ರೆ ಖರ್ಚು, ಕೆಲಸಕ್ಕೆ ಹೋಗದ ದಿನಗಳು, ನೋವು, ಕಲೆ, ಇವು ಬೇರೆ ಲೆಕ್ಕ. ಎರಡನ್ನೂ ಒಂದೇ ಲಕೋಟೆಗೆ ಹಾಕಲು ಬಿಡಬೇಡಿ. ಗ್ರಾಹಕರ ದೂರು ಕೇಳುವ ಆಯೋಗವಿದ್ದರೆ ಅಲ್ಲಿ ಖರ್ಚು ಕಮ್ಮಿ. ದೊಡ್ಡ ಮೊತ್ತ, ತಜ್ಞರ ವಾದ ಇದ್ದರೆ ಸಿವಿಲ್ ಕೋರ್ಟ್. ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆಗೆ ದೂರು ಕೊಟ್ಟರೆ ನಿಮಗೆ ದುಡ್ಡು ಬರುವುದಿಲ್ಲ, ಆದರೂ ಕೊಡಿ. ಮಾಲು ವಾಪಸ್ ತರಿಸುವ ಆದೇಶಗಳು ಎಷ್ಟೋ ಸಲ ಶುರುವಾಗುವುದು ಇಂಥ ದೂರುಗಳಿಂದಲೇ.

ತಯಾರಕರು ಬೇರೆ ದೇಶದವರಾದರೆ ಆಮದು ಮಾಡಿದವರನ್ನು ಹಿಡಿಯಬಹುದು, ಕೆಲವು ಕಡೆ ಮಾರಿದವರನ್ನೂ. ಬಿಲ್ ಇಲ್ಲದಿದ್ದರೆ ಕಾರ್ಡ್ ಸ್ಟೇಟ್‌ಮೆಂಟ್, ಆರ್ಡರ್ ಇಮೇಲ್ ಹುಡುಕಿ. ಕೊಂಡದ್ದು ನೀವಾದ್ದರಿಂದ ನಿಮ್ಮ ಮಾತೂ ಒಂದು ಸಾಕ್ಷಿಯೇ.

ಆದರೆ ಗಡುವು ಕಾಯುವುದಿಲ್ಲ. ಭಾರತದ ಗ್ರಾಹಕ ಆಯೋಗಗಳಿಗೆ ಎರಡು ವರ್ಷದೊಳಗೆ ದೂರು ಕೊಡಬೇಕು. ಯುರೋಪಿನಲ್ಲಿ ಸಾಮಾನ್ಯವಾಗಿ ಗಾಯ, ದೋಷ, ತಯಾರಕರು ಮೂರೂ ಗೊತ್ತಾದಾಗಿನಿಂದ ಮೂರು ವರ್ಷ. ಮಾಲು ಮಾರುಕಟ್ಟೆಗೆ ಬಂದು ಹತ್ತು ವರ್ಷ ಕಳೆದಿದ್ದರೆ ಅಲ್ಲಿ ಹಕ್ಕೇ ಹೋಗಬಹುದು. ಕಂಪನಿಯವರು 'ನೋಡುತ್ತಿದ್ದೇವೆ, ನೋಡುತ್ತಿದ್ದೇವೆ' ಅನ್ನುವಾಗಲೂ ಈ ದಿನಗಳು ಉರುಳುತ್ತಲೇ ಇರುತ್ತವೆ. ಹಾಗಾಗಿ ಈ ತಿಂಗಳೇ ವಕೀಲರನ್ನು ನೋಡಿ.

ತಂಗಿಯ ಗಾಯದ ಫೋಟೊವನ್ನು ವಾರಕ್ಕೊಮ್ಮೆ, ಅದೇ ಬೆಳಕಿನಲ್ಲಿ ತೆಗೆಯಿರಿ. ಅವತ್ತು ಉಟ್ಟಿದ್ದ ಬಟ್ಟೆಯನ್ನೂ ಎಸೆಯಬೇಡಿ. ಇನ್ನೊಂದು, ನೀವು ಐದು ಫೋಟೊ ಕಳಿಸಿದ್ದೀರಿ, ಕೆಟಲ್‌ನ ತಳದ್ದು ಒಂದೂ ಇಲ್ಲ. ಮಾಡೆಲ್ ನಂಬರು, ಬ್ಯಾಚ್ ನಂಬರು ಸಾಮಾನ್ಯವಾಗಿ ಅಲ್ಲೇ ಅಂಟಿಸಿರುತ್ತಾರೆ. ಡಬ್ಬ ಮುಚ್ಚುವ ಮೊದಲು ಅದನ್ನೂ ತೆಗೆದುಕೊಳ್ಳಿ.