ಕಾಡುಕುದುರೆಗಳ ಗೆಳೆತನ: ಯಾರಿಗೆ ಯಾರು ಜೊತೆ?

ಪ್ರಶ್ನೆ: ಬಯಲಲ್ಲಿ ಸ್ವತಂತ್ರವಾಗಿ ಬದುಕುವ ಕುದುರೆಗಳ ವಿಡಿಯೊಗಳಲ್ಲಿ ಎರಡು ಕುದುರೆಗಳು ಸದಾ ಅಕ್ಕಪಕ್ಕದಲ್ಲೇ ಕಾಣುತ್ತವೆ. ಇದು ಗೆಳೆತನವೇ ಅಥವಾ ಒಳ್ಳೆ ಹುಲ್ಲು ಇದ್ದಲ್ಲಿ ಸೇರುವುದಷ್ಟೆಯೇ? ನೋಡಿ ಗುರುತಿಸಬಹುದೇ?

ಉತ್ತರ: ಗೆಳೆತನ ಎಂದು ಧೈರ್ಯವಾಗಿ ಕರೆಯಬಹುದು. ಕುದುರೆಗಳ ಗುಂಪು ಎಂದರೆ ಸಾಮಾನ್ಯವಾಗಿ ಒಂದು ಗಂಡು, ಕೆಲವು ಹೆಣ್ಣುಗಳು, ಅವುಗಳ ಮರಿಗಳು. ನೋಡುವವರ ಕಣ್ಣು ಮೊದಲು ಗಂಡಿನ ಮೇಲೆ ಬೀಳುತ್ತದೆ. ಆದರೆ ಗಂಡು ಬದಲಾದರೂ ಎಷ್ಟೋ ಸಲ ಅದೇ ಹೆಣ್ಣುಗಳು ಒಟ್ಟಿಗೇ ಉಳಿಯುತ್ತವೆ; ಗುಂಪನ್ನು ಹಿಡಿದಿಡುವ ಗಂಟು ಅಲ್ಲಿದೆ. ಮರಿಗಳು ಎರಡು ಮೂರು ವರ್ಷಕ್ಕೆ ತಾಯಿಯ ಗುಂಪು ಬಿಟ್ಟು ಹೋಗುವುದರಿಂದ ಈ ಹೆಣ್ಣುಗಳು ಹೆಚ್ಚಾಗಿ ರಕ್ತಸಂಬಂಧಿಗಳಲ್ಲ. ನ್ಯೂಜಿಲೆಂಡಿನ ಕೈಮನಾವಾ ಕುದುರೆಗಳ ಮೇಲೆ 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೀಗೆ ಗಟ್ಟಿ ಒಡನಾಟವಿದ್ದ ಹೆಣ್ಣುಗಳಿಗೆ ಗಂಡುಗಳ ಕಾಟ ಕಡಿಮೆ, ಮರಿಗಳು ಹೆಚ್ಚು, ಬದುಕುಳಿಯುವ ಮರಿಗಳೂ ಹೆಚ್ಚು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ.

ಗುರುತಿಸಲು ಪರಸ್ಪರ ಮೈ ಕೆರೆದುಕೊಳ್ಳುವುದನ್ನು ನೋಡಿ. ಒಂದು ಕುದುರೆ ಕಿವಿ ಸಡಿಲ ಬಿಟ್ಟು ನಿಧಾನಕ್ಕೆ ಹತ್ತಿರ ಬರುತ್ತದೆ. ಎರಡೂ ಎದುರುಬದುರು ದಿಕ್ಕಿಗೆ ನಿಂತು, ಒಂದರ ಕತ್ತಿನ ಮೇಲೆ ಇನ್ನೊಂದು ಮೂತಿ ಚಾಚಿ, ಕತ್ತು ಬೆನ್ನಿಗೆ ಕೂಡುವ ಉಬ್ಬನ್ನು ಮುಂಹಲ್ಲಿನಿಂದ ಕಚಕಚ ಕೆರೆಯುತ್ತವೆ. ಒಂದು ಜಾಗ ಬದಲಿಸಿದರೆ ಇನ್ನೊಂದೂ ತಾನು ಕೆರೆಯುವ ಜಾಗ ಬದಲಿಸುತ್ತದೆ. ಆ ಉಬ್ಬಿನ ಹತ್ತಿರ ಕೆರೆದಾಗ ಹೃದಯಬಡಿತ ನಿಧಾನವಾಗುತ್ತದೆ ಎಂದು ಫ್ರಾನ್ಸಿನ ಕಾಮಾರ್ಗ್ ಕುದುರೆಗಳಲ್ಲಿ ಅಳೆದು ತೋರಿಸಿದ್ದಾರೆ. ಬೇರೆ ಕಡೆ ಕೆರೆದಾಗ ಹಾಗಾಗಲಿಲ್ಲ.

ಆದರೆ ಒಂದು ಸಲ ಕೆರೆದದ್ದನ್ನು ನೋಡಿ ತೀರ್ಮಾನಿಸಬೇಡಿ. ಚಳಿಗಾಲದ ಕೂದಲು ಉದುರುವಾಗ ತುರಿಕೆಗೇ ಎಲ್ಲವೂ ಹೆಚ್ಚು ಕೆರೆದುಕೊಳ್ಳುತ್ತವೆ. ನೊಣದ ಕಾಲದಲ್ಲಿ ಪರಸ್ಪರ ಬಾಲದ ಗಾಳಿಗಾಗಿ ಗುಂಪುಗೂಡುತ್ತವೆ. ನೀರಿನ ಬಳಿ ಒಟ್ಟಿಗಿದ್ದದ್ದು ಲೆಕ್ಕಕ್ಕೇ ಬೇಡ.

ಮಾಡಬೇಕಾದದ್ದು ಇಷ್ಟು: ಹಣೆಯ ಬಿಳಿ, ಕಾಲಿನ ಬಿಳಿಪಟ್ಟಿ ನೋಡಿ ಪ್ರತಿ ಕುದುರೆಯನ್ನೂ ಗುರುತಿಸಿ ಒಂದು ಹೆಸರಿಟ್ಟುಕೊಳ್ಳಿ. ಮೇಯುವ ಹೊತ್ತಿನಲ್ಲಿ ದೂರದಿಂದಲೇ, ಹತ್ತು ನಿಮಿಷಕ್ಕೊಮ್ಮೆ ಪ್ರತಿಯೊಂದಕ್ಕೂ ಅತಿ ಹತ್ತಿರ ಯಾರಿದ್ದಾರೆಂದು ಬರೆದುಕೊಳ್ಳಿ. ಹಲವು ದಿನ ಹೀಗೆ ಮಾಡಿ. ತಾಯಿ ಮತ್ತು ಹಾಲು ಕುಡಿಯುವ ಮರಿಯ ಜೋಡಿಯನ್ನು ಬಿಟ್ಟು, ಪದೇ ಪದೇ ಬರುವ ಹೆಸರುಗಳೇ ಗೆಳತಿಯರು. ಎಳೆಯ ಗಂಡುಗಳ ಪ್ರತ್ಯೇಕ ಗುಂಪಿನಲ್ಲೂ ಇದೇ ಕ್ರಮ ಸಾಕು. ಅಲ್ಲಿ ಆಟದ ಕುಸ್ತಿಯನ್ನೂ ಎಣಿಸಿ. ಕಿವಿಗಳು ಪೂರ್ತಿ ಹಿಂದಕ್ಕೆ ಅಂಟಿದ್ದರೆ ಮಾತ್ರ ಅದು ಆಟವಲ್ಲ, ಜಗಳ.

ಈ ಪಟ್ಟಿಗೆ ಇನ್ನೊಂದು ಉಪಯೋಗವಿದೆ. ಕುದುರೆಗಳನ್ನು ಹಿಡಿದು ಸಾಗಿಸುವ ಸಂದರ್ಭ ಬಂದರೆ, ಯಾವ ಎರಡನ್ನು ಬೇರೆ ಮಾಡಬಾರದು ಎಂದು ಅದೇ ಹೇಳುತ್ತದೆ.