ಆ ‘ದೋಷ’ವೇ ನಿಮ್ಮ ಲೇಖನ

ನಮಸ್ಕಾರ. ದಾರಕ್ಕೆ ಭಾರ ಕಟ್ಟಿ ತೂಗಾಡಿಸುವ ಲೋಲಕದ ಮೇಲೆ ನಿಮ್ಮ ತರಗತಿಯ ಮಕ್ಕಳು ಮಾಡಿದ ಪ್ರಯೋಗದ ಬಗ್ಗೆ ನೀವು ಬರೆದು ಕಳಿಸಿದ ‘ಭಾರ ಹೆಚ್ಚಿದರೆ ಲೋಲಕ ನಿಧಾನವಾಗುತ್ತದೆಯೇ?’ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಚಿತ್ರಗಳೂ ಚೆನ್ನಾಗಿವೆ. ನನ್ನನ್ನು ಕೆರಳಿಸಿದ್ದು ಕೊನೆಯ ಪುಟ.

‘ಸಣ್ಣಪುಟ್ಟ ವ್ಯತ್ಯಾಸ ಪ್ರಯೋಗದ ದೋಷ, ಭಾರಕ್ಕೂ ಅವಧಿಗೂ ಸಂಬಂಧವಿಲ್ಲವೆಂದು ಮಕ್ಕಳೇ ಕಂಡುಕೊಂಡರು.’ ಎಲ್ಲಿ ಕಂಡುಕೊಂಡರು? ನಿಮ್ಮ ಕೋಷ್ಟಕದಲ್ಲಿ 20 ಆಂದೋಲನಕ್ಕೆ (ಒಮ್ಮೆ ಪೂರ್ತಿ ಹೋಗಿ ಬಂದರೆ ಒಂದು ಆಂದೋಲನ) ಒಂದು ವಾಷರ್, ಅಂದರೆ ನಡುವೆ ತೂತಿರುವ ಲೋಹದ ಬಿಲ್ಲೆ, ಇದ್ದಾಗ 20.1 ಸೆಕೆಂಡ್, ಎರಡಕ್ಕೆ 20.9, ಮೂರಕ್ಕೆ 21.7. ಸ್ಟಾಪ್‌ವಾಚ್ ಒತ್ತುವುದರಲ್ಲಿ ಆಗುವ ಹೆಚ್ಚುಕಮ್ಮಿ ಹೀಗೆ ಮೆಟ್ಟಿಲು ಹತ್ತುವುದಿಲ್ಲ.

‘ವಾಷರ್‌ಗಳನ್ನು ಒಂದರ ಕೆಳಗೊಂದು ಕಟ್ಟಿದೆವು, ದಾರದ ಉದ್ದ ಬದಲಿಸಲಿಲ್ಲ.’ ದಾರ ಬದಲಾಗಲಿಲ್ಲ, ಲೋಲಕದ ಉದ್ದ ಬದಲಾಯಿತು! ಉದ್ದವನ್ನು ಅಳೆಯಬೇಕಾದ್ದು ಗಂಟಿನವರೆಗಲ್ಲ, ತೂಗುವ ವಸ್ತುವಿನ ಕೇಂದ್ರದವರೆಗೆ. 4 ಸೆಂ.ಮೀ. ಅಗಲದ ಮೂರು ವಾಷರ್ ಸಾಲಾಗಿ ಇಳಿದರೆ ಆ ಕೇಂದ್ರ, ದಾರ ಕಟ್ಟಿದ ಮೇಲಿನ ತುದಿಯಿಂದ ಅಳೆದರೆ, ಒಂದೇ ವಾಷರ್ ಇದ್ದಾಗಿನ 25ರಿಂದ 29 ಸೆಂ.ಮೀ.ಗೆ ಇಳಿಯುತ್ತದೆ. 29 ಸೆಂ.ಮೀ. ಲೋಲಕಕ್ಕೆ 20 ಆಂದೋಲನ ಸುಮಾರು 21.6 ಸೆಕೆಂಡ್. ಮಕ್ಕಳು ಸರಿಯಾಗಿಯೇ ಅಳೆದಿದ್ದಾರೆ.

‘ದಾರ ಉದ್ದ ಆಯ್ತಲ್ವಾ ಎಂದು ಒಬ್ಬಳು ಕೇಳಿದಳು, ವಿಷಯಾಂತರವಾಗದಂತೆ ನೋಡಿಕೊಂಡೆ.’ ಇಡೀ ತರಗತಿಯಲ್ಲಿ ವಿಜ್ಞಾನ ಮಾಡಿದವಳು ಅವಳೊಬ್ಬಳೇ. ಲೇಖನ ಅವಳ ಪ್ರಶ್ನೆಯಿಂದ ಶುರುವಾಗಲಿ. ಒಂದೇ ವಾಷರನ್ನು 29 ಸೆಂ.ಮೀ.ಗೆ ಇಳಿಬಿಟ್ಟು ಅಳೆಯಲು ಅವಳಿಗೇ ಹೇಳಿ. 21.6ರ ಆಸುಪಾಸು ಬಂದರೆ ತಪ್ಪಿತಸ್ಥ ಭಾರವಲ್ಲ, ಉದ್ದ. ಆಮೇಲೆ ಮೂರು ವಾಷರ್‌ಗಳನ್ನು ಒಂದಕ್ಕೊಂದು ಅಂಟಿಸಿದಂತೆ ಜೋಡಿಸಿ, ಎಲ್ಲದರ ತೂತಿನೊಳಗೂ ಒಂದೇ ಕುಣಿಕೆ ಹಾಯಿಸಿ, ಕೇಂದ್ರವನ್ನು 25ರಲ್ಲೇ ಇಟ್ಟು ಅಳೆಯಿರಿ.

‘ಮೂರು ಸಲ ಅಳೆದು ಸರಾಸರಿ ತೆಗೆದೆವು.’ ಸರಾಸರಿಯಿಂದ ಕೈತಪ್ಪು ತಗ್ಗುತ್ತದೆ, ಜೋಡಣೆಯ ತಪ್ಪಲ್ಲ. ಮೂರು ಸಲವೂ ವಾಷರ್ ತೂಗಿದ್ದು ಅದೇ ತಗ್ಗಿನಲ್ಲಿ ತಾನೇ? ಬಿಡಿ ಅಂಕಿಗಳನ್ನಂತೂ ನೀವು ಕೊಟ್ಟೇ ಇಲ್ಲ. ಅವು 21.6, 21.7, 21.8 ಆಗಿದ್ದರೆ 20.1ಕ್ಕಿಂತ ನಿಜಕ್ಕೂ ಬೇರೆ, 20.0, 21.7, 23.4 ಆಗಿದ್ದರೆ ಏನೂ ಹೇಳಲಾಗದು. ನಾನು ಕೆಲಸ ಕಲಿತಲ್ಲಿ ಅಂಕಿ ಅಳಿಸುವಂತಿರಲಿಲ್ಲ. ಅನುಮಾನ ಬಂದದ್ದಕ್ಕೆ ಗೆರೆ ಎಳೆದು ಪಕ್ಕದಲ್ಲಿ ಕಾರಣ ಬರೆಯಬೇಕಿತ್ತು.

ಎಣಿಕೆಯ ವಿಧಾನವನ್ನೂ ಬರೆಯಿರಿ. ಲೋಲಕ ನಡುಬಿಂದು ದಾಟುವಾಗ ‘ಸೊನ್ನೆ’ ಎನ್ನುತ್ತಾ ಗಡಿಯಾರ ಒತ್ತಬೇಕು. ‘ಒಂದು’ ಎಂದು ಶುರು ಮಾಡಿದರೆ ಅಳೆಯುವುದು 19 ಆಂದೋಲನ, ಇಡೀ ಒಂದು ಸೆಕೆಂಡ್ ಖೋತಾ. ಎಳೆದು ಬಿಡುವ ಕೋನ 10 ಡಿಗ್ರಿ ದಾಟದಿರಲಿ. 30 ಆದರೆ ಅವಧಿ ಸುಮಾರು ಶೇ. 1.7 ಹೆಚ್ಚುತ್ತದೆ.

ತಿದ್ದಿ ಕಳಿಸುವಾಗ ಬಿಡಿ ಅಂಕಿಗಳ ಕೋಷ್ಟಕ ಜೊತೆಗಿರಲಿ. ಸರಾಸರಿ ನಾನೇ ಹಾಕಿಕೊಳ್ಳುತ್ತೇನೆ.