ಕೊನೇ ಬೆಂಚಿನಲ್ಲಿ ಕಳೆದ ಒಂದು ವರ್ಷ

ತಂಗಿ, ನಿನ್ನ ಪತ್ರ ಎರಡು ಸಲ ಓದಿದೆ. ನರ್ಸ್ ಕೆಲಸಕ್ಕೆ ಇಂಗ್ಲೆಂಡಿಗೆ ಬಂದು ಎಂಟು ತಿಂಗಳು. ಊರಲ್ಲಿರುವ ಗಂಡನಿಗೆ ಬೇರೊಬ್ಬಳ ಸಂಗ ಇದೆ ಅಂತ ಗೊತ್ತಾಗಿ ಆರು ವಾರ. ಡಿವೋರ್ಸ್ ತಗೊಂಡರೆ ನಮ್ಮ ಕಥೋಲಿಕರಲ್ಲಿ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ, ಸಿಗಲ್ಲ ಅಂತಾರೆ, ನಿಜಾನಾ ಅಕ್ಕ ಅಂತ ಕೇಳಿದ್ದೀಯ.

ನಿಜ ಅಲ್ಲ. ನನ್ನ ಡಿವೋರ್ಸ್ ಆದಮೇಲೆ ನಾನೂ ಹಾಗೇ ನಂಬಿ ಒಂದು ವರ್ಷ ಹಾಳು ಮಾಡಿಕೊಂಡೆ. ಲೆಸ್ಟರಿನ ಚರ್ಚಿನಲ್ಲಿ ಕೊನೇ ಬೆಂಚು ನನ್ನದು. ಪ್ರಸಾದಕ್ಕೆ ಹೊರಟವರಿಗೆ ಮಂಡಿ ಪಕ್ಕಕ್ಕೆ ತಿರುಗಿಸಿ ದಾರಿ ಬಿಡುವುದು, ವಾಪಸ್ ಬರುವಾಗ ಮತ್ತೆ ಬಿಡುವುದು. ಒಂದು ದಿನ ವಯಸ್ಸಾದ ಐರಿಷ್ ಗುರುಗಳು ಬಾಗಿಲಲ್ಲಿ ನಿಲ್ಲಿಸಿ, "ಇನ್ನೊಂದು ಮದುವೆ ಆಗಿದ್ದೀಯಾ?" ಅಂದರು. ಇಲ್ಲ ಫಾದರ್ ಅಂದೆ. "ಹಾಗಾದರೆ ಹಿಂದೆ ಕೂತು ಏನು ಮಾಡ್ತಿದ್ದೀಯ?"

ತೊಡಕು ಬರುವುದು ಮರುಮದುವೆಯಲ್ಲಿ, ಡಿವೋರ್ಸಿನಲ್ಲಲ್ಲ. ಹಾದರವಾದಾಗ ಬೇರೆ ಇರಲು ಧರ್ಮಸಭೆಯ ಕಾನೂನೇ ಬಿಡುತ್ತದೆ. ಕ್ಷಮಿಸಿದರೆ ಒಳ್ಳೆಯದು ಅಂತಲೂ ಹೇಳುತ್ತದೆ, ಬಲವಂತ ಮಾಡುವುದಿಲ್ಲ. ಮಕ್ಕಳನ್ನೋ ಆಸ್ತಿಯನ್ನೋ ಕಾಪಾಡಲು ಕೋರ್ಟಿನ ಡಿವೋರ್ಸ್ ಒಂದೇ ದಾರಿಯಾದರೆ ಅದು ಪಾಪ ಅಲ್ಲ.

ನಿನ್ನ ಪ್ರೊಟೆಸ್ಟೆಂಟ್ ರೂಮ್‌ಮೇಟ್ ಬೈಬಲಿನ ಮತ್ತಾಯ 19:9 ತೋರಿಸಿ, ಹಾದರಕ್ಕೆ ಯೇಸುವೇ ವಿನಾಯಿತಿ ಕೊಟ್ಟಿದ್ದಾನೆ, ಮತ್ತೆ ಮದುವೆಯಾಗು ಅಂದಳಂತೆ. ಅವರಲ್ಲಿ ಹಾಗೆ ಓದುವವರು ಜಾಸ್ತಿ. ನಮ್ಮವರು ಹಾಗೆ ಓದುವುದಿಲ್ಲ. ಮಾರ್ಕನಲ್ಲಿ, ಲೂಕನಲ್ಲಿ ಆ ಮಾತೇ ಇಲ್ಲ, ಅಲ್ವಾ? ಅನಲ್‌ಮೆಂಟ್, ಅಂದರೆ ಆ ಮದುವೆ ಮೊದಲಿನಿಂದಲೇ ಸಿಂಧುವಲ್ಲ ಅನ್ನುವ ಚರ್ಚಿನ ತೀರ್ಪು, ಕೂಡ ಗಂಡ ಮೋಸ ಮಾಡಿದ ಅಂತ ಸುಮ್ನೆ ಸಿಗಲ್ಲ. ಮದುವೆಯ ದಿನದ ಒಪ್ಪಿಗೆ ಸರಿಯಿತ್ತಾ ಅಂತ ನೋಡುತ್ತಾರೆ. 2015ರಲ್ಲಿ ಪೋಪ್ ಫ್ರಾನ್ಸಿಸ್ ವಿಚಾರಣೆಯನ್ನು ಚಿಕ್ಕದು ಮಾಡಿದರು, ಕೇಳುವ ಪ್ರಶ್ನೆ ಮಾತ್ರ ಅದೇ.

ಇನ್ನು ಕೋರ್ಟು. 2022ರ ಏಪ್ರಿಲಿನಿಂದ ಇಲ್ಲಿ ಯಾರ ತಪ್ಪು ಅಂತ ಹೇಳಬೇಕಿಲ್ಲ. ಆದರೆ ಗಂಡ ಊರಲ್ಲಿರುವಾಗ ನೀನು ಅರ್ಜಿ ಹಾಕಲು ಇಲ್ಲಿ ನೆಲೆಸಿ ಒಂದು ವರ್ಷವಾದರೂ ಆಗಿರಬೇಕು. ಅವನು ಒಪ್ಪದಿದ್ದರೆ ಇಲ್ಲಿನ ತೀರ್ಪನ್ನು ಭಾರತದ ಕೋರ್ಟು ತಳ್ಳಿಹಾಕಬಹುದು. ಊರಲ್ಲೇ ಹಾಕಿದರೆ ಕ್ರೈಸ್ತರಿಗಿರುವ 1869ರ ಡಿವೋರ್ಸ್ ಕಾಯ್ದೆ. 2001ರವರೆಗೆ ಗಂಡನಿಗೆ ಹೆಂಡತಿಯ ಹಾದರ ಒಂದೇ ಸಾಕಿತ್ತು. ಹೆಂಡತಿಯಾದರೆ ಅದರ ಜೊತೆ ಹಿಂಸೆನೋ, ಬಿಟ್ಟುಹೋಗಿದ್ದೋ ತೋರಿಸಬೇಕಿತ್ತು. ನಮ್ಮ ಅಮ್ಮಂದಿರು ಯಾಕೆ ಬಾಯಿ ಮುಚ್ಚಿಕೊಂಡಿದ್ದರು ಅಂತ ಈಗ ಅರ್ಥವಾಗುತ್ತದೆ. ಈಗ ಇಬ್ಬರಿಗೂ ಒಂದೇ ಲೆಕ್ಕ.

ಹಾಗಾಗಿ ಅವನ ಹಾದರಕ್ಕೆ ಸಾಕ್ಷಿಯಾಗಿ ನಿನ್ನ ಬಳಿ ಇರುವ ಸ್ಕ್ರೀನ್‌ಶಾಟುಗಳನ್ನು ಡಿಲೀಟ್ ಮಾಡಬೇಡ. ಸಿಟ್ಟಿನಲ್ಲಿ ಅತ್ತೆಗೆ ಕಳಿಸಲೂ ಬೇಡ. ಭಾನುವಾರ ರಜೆ ಇದ್ದರೆ 11 ಗಂಟೆಯ ಪೂಜೆಗೆ ಬಾ, ಆಮೇಲೆ ನಮ್ಮನೆಗೆ ಹೋಗಿ ಊಟ ಮಾಡೋಣ.